ರಂಗಮಂಟಪದಲ್ಲಿ ವರ್ತಕರ ಸಭೆ

ದೇವರಿಗೂ ಕಲೆಗೂ ಮೀಸಲಾಗಿ ಕಟ್ಟಿದ ಮಂಟಪದಲ್ಲಿ ವ್ಯಾಪಾರದ ಸಭೆ ನಡೆಸಬಹುದೇ ಎಂಬುದು ಧರ್ಮದ ಪ್ರಶ್ನೆಯೂ ಹೌದು, ಸೌಂದರ್ಯಮೀಮಾಂಸೆಯ ಪ್ರಶ್ನೆಯೂ ಹೌದು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ನಾಟಕಶಾಲೆ, ಸಂಗೀತಸಭೆ, ಚಿತ್ರಶಾಲೆ ಎಂದು ಪ್ರತ್ಯೇಕ ಕಟ್ಟಡಗಳು ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಕುಣಿತ, ಹಾಡು, ಶಿಲ್ಪ, ಚಿತ್ರಗಳು ಗುಡಿಯ ಮಂಟಪದಲ್ಲೋ ಅರಮನೆಯ ಪಡಸಾಲೆಯಲ್ಲೋ ನೆಲೆಸಿದ್ದವು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಾಜಧಾನಿಗೂ ಕಾವೇರಿ ದ್ವೀಪವಾದ ಶ್ರೀರಂಗಪಟ್ಟಣಕ್ಕೂ ನಡುವಿನ ಪ್ರಯಾಣ ಚಿಕ್ಕದಾಗಿದೆ. ಕಂಪನಿಗಳ ವಾರ್ಷಿಕ ಸಭೆ, ಮಾರಾಟಗಾರರ ಸಮಾವೇಶ, ಹೊಸ ಸರಕಿನ ಬಿಡುಗಡೆ ಇವುಗಳಿಗೆ ಹೋಟೆಲಿನ ಹಾಲ್ ಸಾಲದು, ಹಳೆಯ ಕಲ್ಲುಕಂಬಗಳ ಹಿನ್ನೆಲೆ ಬೇಕು ಎನ್ನುವ ರೂಢಿ ದೇಶದೆಲ್ಲೆಡೆ ಬೆಳೆಯುತ್ತಿರುವ ಹೊತ್ತು ಇದು. ಹಿನ್ನೆಲೆಯಾಗಿ ಬೇಡಿಕೆಗೆ ಬಂದಿರುವ ಮಂಟಪ ಮೂಲದಲ್ಲಿ ಯಾವುದಕ್ಕಾಗಿ ಇತ್ತು ಎಂಬುದನ್ನು ಮೊದಲು ನೋಡಬೇಕು.

ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ಇದಕ್ಕೆ ಒಳ್ಳೆಯ ಉದಾಹರಣೆ. ಹೊಯ್ಸಳ ವೀರಸೋಮೇಶ್ವರನ ಕಾಲದ, ಅಂದರೆ 13ನೆಯ ಶತಮಾನದ ನಡುಭಾಗದ ತ್ರಿಕೂಟ ಇದು. ಮೂರು ಗರ್ಭಗುಡಿಗಳು ಒಂದೇ ನವರಂಗದ ಕಡೆಗೆ ಮುಖ ಮಾಡಿವೆ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿಯ ಸುರುಳಿ, ರಾಮಾಯಣ ಮಹಾಭಾರತಗಳ ಕಥೆ, ಮಕರ, ಹಂಸ ಹೀಗೆ ಪಟ್ಟಿಕೆಗಳು ಒಂದರ ಮೇಲೊಂದು ಏರುತ್ತವೆ. ಒಳಗೆ ಕಡೆದು ನುಣುಪು ಮಾಡಿದ ಕಂಬಗಳು ನಿಂತಿವೆ. ಕೈ ಇಟ್ಟರೆ ತಣ್ಣಗೆ ಜಾರುವ ಬಳಪದ ಕಲ್ಲು ಅದು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಬಂದಂತೆ ಗಟ್ಟಿಯಾಗುವ ಗುಣವೇ ಅಷ್ಟು ಸೂಕ್ಷ್ಮ ಕೆತ್ತನೆಗೆ ದಾರಿ ಮಾಡಿಕೊಟ್ಟಿತು. ಹೊಯ್ಸಳ ಗುಡಿಗಳ ನವರಂಗದಲ್ಲಿ ನಾಲ್ಕು ಕಂಬಗಳ ನಡುವಿನ ಅಂಕಣ ನೃತ್ಯಸೇವೆಗೆ, ಗೀತಸೇವೆಗೆ ಒದಗುವ ಜಾಗ. ಸುತ್ತ ಕೂರಲು ಕಲ್ಲಿನ ಜಗಲಿ ಇರುವುದೂ ಉಂಟು. ಅಲ್ಲಿ ನಡೆಯುವ ಕುಣಿತಕ್ಕೆ ಮೊದಲ ಪ್ರೇಕ್ಷಕ ದೇವರು. ಜನ ಅವನ ಜೊತೆಗೆ ಕೂತು ನೋಡುತ್ತಿದ್ದರು. ಮಂಟಪದ ಇಡೀ ವಾಸ್ತು ಈ ಒಂದು ಕ್ರಮದ ಮೇಲೆ ನಿಂತಿದೆ: ಎಲ್ಲರೂ ಕೂರುವ ಜಾಗದಲ್ಲಿ ಯಜಮಾನನ ಸ್ಥಾನ ಮನುಷ್ಯನದಲ್ಲ.

ಅಂಥ ಜಾಗಕ್ಕೆ ವರ್ತಕರು ಬಂದೇ ಇರಲಿಲ್ಲ ಎನ್ನುವುದು ಚರಿತ್ರೆಗೆ ವಿರುದ್ಧ. ಐಹೊಳೆಯನ್ನು ಮೂಲನೆಲೆಯೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದಾದ್ಯಂತ ವ್ಯಾಪಾರ ಮಾಡಿದವರು. ತಮ್ಮ ನಡವಳಿಕೆಯ ಕಟ್ಟಳೆಯನ್ನು ವೀರಬಣಂಜು ಧರ್ಮವೆಂದು ಕರೆದುಕೊಂಡವರು. ನಕರರು, ಮುಮ್ಮುರಿದಂಡರು ಎಂಬ ವರ್ತಕ ಸಂಘದವರು, ಊರ ವರ್ತಕರ ಮುಖ್ಯಸ್ಥರಾದ ಪಟ್ಟಣಸ್ವಾಮಿಗಳು ಗುಡಿ ಬಸದಿಗಳಿಗೆ ಬಿಟ್ಟ ದತ್ತಿಗಳ ಶಾಸನಗಳು ನಾಡಿನ ತುಂಬ ಇವೆ. ನಾಗಮಂಗಲಕ್ಕೂ ಕೃಷ್ಣರಾಜಪೇಟೆಗೂ ಹತ್ತಿರದ ಶ್ರವಣಬೆಳಗೊಳದಲ್ಲಿ ಇಮ್ಮಡಿ ಬಲ್ಲಾಳನ ಮಂತ್ರಿಯೂ ಪಟ್ಟಣಸ್ವಾಮಿಯೂ ಆಗಿದ್ದ ನಾಗದೇವ 1195ರಲ್ಲಿ ಕಟ್ಟಿಸಿದ ಬಸದಿಯನ್ನು ಅಲ್ಲಿನ ವರ್ತಕರು ನೋಡಿಕೊಂಡರು. ಆ ವರ್ತಕ ಸಂಘದ, ಅಂದರೆ ನಕರದ ಹೆಸರಿನಿಂದಲೇ ಅದು ನಗರ ಜಿನಾಲಯವೆನಿಸಿತು. ಎಣ್ಣೆ ಗಾಣಕ್ಕೆ ಇಷ್ಟು, ವೀಳ್ಯದೆಲೆಯ ಹೇರಿಗೆ ಇಷ್ಟು ಎಂದು ಸರಕಿನ ಮೇಲೆ ತಾವೇ ಸುಂಕ ಹಾಕಿಕೊಂಡು ಅದನ್ನು ನಂದಾದೀಪಕ್ಕೂ ನೈವೇದ್ಯಕ್ಕೂ ಬಿಟ್ಟವರು ಇವರು. ಅಂಥ ತೀರ್ಮಾನಕ್ಕೆ ವರ್ತಕರು ಒಂದೆಡೆ ಸೇರಲೇಬೇಕಿತ್ತು. ಅದನ್ನು ಕೊರೆಸಿದ ಕಲ್ಲು ನಿಂತದ್ದು ಗುಡಿಯ ಅಂಗಳದಲ್ಲಿ.

ಈ ಶಾಸನಗಳ ಕೊನೆಯ ಸಾಲುಗಳಿಗೆ ಗಮನ ಕೊಡಬೇಕು. ಧರ್ಮವನ್ನು ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ಕಾಶಿಯಲ್ಲಿ ಗೋವುಗಳನ್ನು ಕೊಂದ ಪಾಪ ಎಂಬ ಅರ್ಥದ ಶಾಪವಾಕ್ಯ ಬಹುಪಾಲು ದತ್ತಿಗಳಲ್ಲಿ ಬರುತ್ತದೆ. ವರ್ತಕರು ಮಂಟಪಕ್ಕೆ ಬಂದದ್ದು ಆಡಿದ ಮಾತಿಗೆ ಸಾಕ್ಷಿ ಬೇಕಾಗಿ. ದೇವರು ಕೇಳಿಸಿಕೊಂಡ ಮಾತಿಗೆ ತಪ್ಪುವುದು ಕಷ್ಟ. ನ್ಯಾಯ ಪಂಚಾಯಿತಿ ಗುಡಿಯ ಮುಂದೆ ಕೂರುವುದು, ದೇವರ ಮುಂದೆ ಆಣೆ ಪ್ರಮಾಣ ಮಾಡಿಸುವುದು, ಕರ್ಪೂರ ಹಚ್ಚಿ ಮಾತು ಪಡೆಯುವುದು ಈ ಸೀಮೆಯ ಹಳ್ಳಿಗಳಲ್ಲಿ ಚೆನ್ನಾಗಿ ಗೊತ್ತಿರುವ ಪದ್ಧತಿ. ಅದೇ ನಂಬಿಕೆ ಶಾಸನಗಳಲ್ಲಿ ಕಲ್ಲಾಗಿದೆ. ಇಲ್ಲಿ ವ್ಯವಹಾರ ಮಂಟಪಕ್ಕೆ ಅಧೀನ. ಮಂಟಪವನ್ನು ಹಿನ್ನೆಲೆಯಾಗಿ ಬಾಡಿಗೆಗೆ ಪಡೆಯುವಾಗ ಈ ಸಂಬಂಧ ತಿರುವುಮುರುವಾಗುತ್ತದೆ. ಪ್ರಶ್ನೆಯ ತಿರುಳು ಇರುವುದು ಇಲ್ಲೇ.

ಕೊಡು ಕೊಳ್ಳುವ ವ್ಯಾಪಾರಕ್ಕೂ ದೇವರ ಹತ್ತಿರ ಜಾಗವಿತ್ತು, ಆದರೆ ಅದು ಗುಡಿಯ ಹೊರಗೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ರಥಸಪ್ತಮಿಯ ಸುಮಾರಿಗೆ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ಶಿವರಾತ್ರಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಜೋಡಿಗಳನ್ನು ಮೈ ತೊಳೆದು, ಕೊಂಬು ಹೆರೆದು, ಪೆಂಡಾಲಿನಡಿ ಕಟ್ಟಿರುತ್ತಾರೆ. ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬೆಲೆ ಕುದುರಿಸುವಾಗ ದಲ್ಲಾಳಿ ಹೆಗಲ ಮೇಲಿನ ಟವೆಲ್ ಇಳಿಸಿ ಇಬ್ಬರ ಕೈಗಳ ಮೇಲೂ ಮುಚ್ಚುತ್ತಾನೆ. ಅದರಡಿಯಲ್ಲಿ ಬೆರಳು ಹಿಡಿದು ಸಾವಿರ, ನೂರುಗಳ ಲೆಕ್ಕ ನಡೆಯುತ್ತದೆ. ಸುತ್ತ ನಿಂತವರಿಗೆ ಮುಖಗಳು ಮಾತ್ರ ಕಾಣುತ್ತವೆ. ವ್ಯಾಪಾರ ಕುದುರಿದ ಮೇಲೆ ದೇವರಿಗೆ ಹಣ್ಣುಕಾಯಿ. ದೇವರ ಹೆಸರಿಲ್ಲದೆ ಈ ಜಾತ್ರೆಯಿಲ್ಲ, ಹಾಗೆಂದು ಗರ್ಭಗುಡಿಯ ಮುಂದೆ ಯಾರೂ ಟವೆಲ್ ಹಾಸುವುದೂ ಇಲ್ಲ. ಗರ್ಭಗುಡಿ, ನವರಂಗ, ಪ್ರಾಕಾರ, ರಥಬೀದಿ, ತೋಪು ಎಂದು ದೇವರಿಂದ ದೂರ ಸರಿದಂತೆ ಲೌಕಿಕಕ್ಕೆ ಅವಕಾಶ ಹೆಚ್ಚುತ್ತಾ ಹೋಗುವ ಈ ಮೆಟ್ಟಿಲುಕ್ರಮ ಬರೆದಿಟ್ಟ ನಿಯಮಕ್ಕಿಂತ ಹೆಚ್ಚು ಕಾಲ ಬಾಳಿದೆ.

ಈ ಸೀಮೆಯಲ್ಲಿ ಬೇರುಬಿಟ್ಟ ಧರ್ಮಗಳು ವ್ಯಾಪಾರವನ್ನು ಕಂಡ ಬಗೆ ಒಂದೇ ಅಲ್ಲ. ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳು ರಾಮಾನುಜರ ನೆನಪಿನ ಊರುಗಳು. ಅವರ ವಿಶಿಷ್ಟಾದ್ವೈತದ ಪ್ರಕಾರ ಚೇತನ, ಅಚೇತನ ಎರಡೂ ಈಶ್ವರನ ಶರೀರ. ಶರೀರ ಇರುವುದು ಶರೀರಿಗಾಗಿ, ಜೀವ ಇರುವುದು ಈಶ್ವರನ ಉಪಯೋಗಕ್ಕಾಗಿ. ಹಾಗೆ ನೋಡಿದರೆ ಕಲ್ಲುಕಂಬ ಎಷ್ಟು ದೇವರದೋ ವರ್ತಕನ ತಕ್ಕಡಿಯೂ ಅಷ್ಟೇ ದೇವರದು. ವ್ಯಾಪಾರ ಮೈಲಿಗೆಯಾದ್ದರಿಂದ ಅದನ್ನು ಹೊರಗಿಡಬೇಕು ಎಂಬ ವಾದಕ್ಕೆ ಈ ದರ್ಶನದಲ್ಲಿ ಆಸರೆ ಸಿಗುವುದಿಲ್ಲ. ಇದು ಕೇಳುವ ಪ್ರಶ್ನೆ ಇನ್ನೂ ಕಠಿಣವಾದದ್ದು: ಈ ಕೆಲಸ ಯಾರಿಗಾಗಿ? ಕೈಂಕರ್ಯವಾಗಿ ನಡೆಯುವುದಕ್ಕೆ ಎಲ್ಲೆಡೆಯೂ ಜಾಗವಿದೆ. ದೇವರದ್ದನ್ನು ತನ್ನದೆಂದು ಬಗೆದು ನಡೆಸುವುದಕ್ಕೆ ಎಲ್ಲಿಯೂ ಜಾಗವಿಲ್ಲ.

ಮೇಲುಕೋಟೆಯ ವೈರಮುಡಿ ಈ ವಿಚಾರಕ್ಕೆ ಕಣ್ಣೆದುರಿನ ರೂಪ ಕೊಡುತ್ತದೆ. ವಜ್ರಖಚಿತ ಕಿರೀಟ ವರ್ಷದ ಹೆಚ್ಚಿನ ಕಾಲ ಸರ್ಕಾರದ ಖಜಾನೆಯಲ್ಲಿ ಭದ್ರವಾಗಿರುತ್ತದೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮಂಡ್ಯದಿಂದ ಹೊರಟು, ದಾರಿಯ ಊರುಗಳಲ್ಲಿ ಪೂಜೆ ಪಡೆದು ಬೆಟ್ಟ ಸೇರುತ್ತದೆ. ಹಗಲಿನ ಬೆಳಕು ಬೀಳಬಾರದೆಂಬ ನಂಬಿಕೆಯಂತೆ ಕತ್ತಲಾದ ಮೇಲೆಯೇ ಚೆಲುವನಾರಾಯಣನ ಮುಡಿಗೇರುತ್ತದೆ. ಅದರ ಬೆಲೆ ಕಟ್ಟಲು ಯಾವ ಅಕ್ಕಸಾಲಿಗನಿಗೂ ಆದೀತು. ಆದರೆ ಒಂದು ಸಂಜೆಯ ಪ್ರದರ್ಶನಕ್ಕೆ ಅದನ್ನು ಬಾಡಿಗೆಗೆ ಕೊಡಿ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಕಿರೀಟದ ವಿಷಯದಲ್ಲಿ ಎಲ್ಲರಿಗೂ ತಟ್ಟನೆ ಹೊಳೆಯುವ ಈ ಮಾತು ಮಂಟಪದ ವಿಷಯದಲ್ಲಿ ಮರೆತುಹೋಗುತ್ತದೆ. ಮಂಟಪ ಬಯಲಲ್ಲಿದೆ, ದಿನವೂ ಕಾಣುತ್ತದೆ, ಖಾಲಿ ಇರುವಂತೆ ತೋರುತ್ತದೆ ಎಂಬುದೇ ಆ ಮರೆವಿಗೆ ಕಾರಣ.

ಶರಣರ ದಾರಿ ಬೇರೆ. ಅವರಿಗೆ ಕಲ್ಲಿನ ಗುಡಿ ಅಳಿಯುವಂಥದು, ದೇಹವೇ ದೇಗುಲ. ಆದ್ದರಿಂದ ಪಾವಿತ್ರ್ಯ ಸ್ಥಳದಿಂದ ನಡತೆಗೆ ಜಾರುತ್ತದೆ. ಸುಳ್ಳು ತೂಕ ಗುಡಿಯಲ್ಲಿ ತೂಗಿದರೂ ಒಂದೇ, ಅಂಗಡಿಯಲ್ಲಿ ತೂಗಿದರೂ ಒಂದೇ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಚಪ್ಪಲಿ ಹೊಲಿಯುವವರು ತತ್ವ ಮಾತಾಡಿದರೆಂಬ ನೆನಪನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ. ದುಡಿಮೆ ಅಲ್ಲಿಗೆ ನಾಚಿಕೊಂಡು ಬರಲಿಲ್ಲ. ಆದರೆ ಅಲ್ಲಿ ದುಡಿಮೆಗೆ ಒಂದು ಒರೆಗಲ್ಲು ಇತ್ತು. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಆಸೆ ಮಿತಿಮೀರಿತೆಂದು ಹಿಂದಿರುಗಿಸಲು ಹೇಳಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ವರ್ಷದ ಲಾಭವನ್ನು ಹಿಗ್ಗಿನಿಂದ ಘೋಷಿಸುವ ಸಭೆಯೊಂದು ಈ ಪರಂಪರೆಯ ಯಾವುದೇ ಮಂಟಪದಲ್ಲಿ ಕೂತರೆ ಲಕ್ಕಮ್ಮನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಗಂಗರ ಕಾಲದ್ದು. ಜೈನರು ಬಸದಿಯ ಬಾಗಿಲಲ್ಲಿ ನಿಸ್ಸಹಿ ಎಂದು ಮೂರು ಸಲ ಹೇಳಿ ಒಳಗೆ ಹೋಗುತ್ತಾರೆ. ಲೋಕವ್ಯವಹಾರವನ್ನೆಲ್ಲ ಹೊಸ್ತಿಲಾಚೆ ಬಿಟ್ಟೆ ಎಂಬುದು ಅದರ ಆಶಯ. ಭಾರತದ ಅತ್ಯಂತ ನುರಿತ ವರ್ತಕ ಸಮುದಾಯಗಳಲ್ಲಿ ಒಂದು ಈ ಕಟ್ಟುಪಾಡನ್ನು ಉಳಿಸಿಕೊಂಡು ಬಂದಿರುವುದು ಸಣ್ಣ ಸಂಗತಿಯಲ್ಲ. ವ್ಯಾಪಾರವನ್ನು ಆ ಧರ್ಮ ಬೈಯುವುದಿಲ್ಲ. ಗೃಹಸ್ಥನ ಗಳಿಕೆಗೆ ಮಿತಿ ಹಾಕುತ್ತದೆ, ಕಳ್ಳ ಅಳತೆ ತೂಕವನ್ನು ಅಚೌರ್ಯ ವ್ರತದ ದೋಷಗಳಲ್ಲಿ ಎಣಿಸುತ್ತದೆ. ಶ್ರೀರಂಗಪಟ್ಟಣದ ಮಸ್ಜಿದ್-ಎ-ಆಲಾದಂಥ ಮಸೀದಿಗಳ ವಿಷಯದಲ್ಲೂ ಇಸ್ಲಾಮಿನ ನಿಲುವು ಹೀಗೆಯೇ. ಮಸೀದಿಯೊಳಗೆ ಕೊಡು ಕೊಳ್ಳುವುದು ಸಲ್ಲದು, ವಕ್ಫ್‌ಗೆ ಸೇರಿದ ಹೊರಗಿನ ಮಳಿಗೆಯ ಬಾಡಿಗೆ ಮಸೀದಿಯ ಖರ್ಚಿಗೆ ಸಲ್ಲಬಹುದು. ಕ್ರೈಸ್ತರಲ್ಲೂ ಈ ಎಚ್ಚರ ಹಳೆಯದು: ಜೆರುಸಲೇಮಿನ ದೇವಾಲಯದಿಂದ ಯೇಸು ವ್ಯಾಪಾರಿಗಳನ್ನು ಹೊರಗಟ್ಟಿದ ಪ್ರಸಂಗವನ್ನು ನಾಲ್ಕು ಸುವಾರ್ತೆಗಳೂ ಹೇಳುತ್ತವೆ.

ಕಲೆಯ ಕಡೆಯಿಂದ ಬರುವ ವಾದ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಭರತನ ನಾಟ್ಯಶಾಸ್ತ್ರ ರಂಗಪೂಜೆಯಿಲ್ಲದೆ ಪ್ರಯೋಗ ನಡೆಯಕೂಡದೆಂದು ವಿಧಿಸುತ್ತದೆ. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ರಸಾಸ್ವಾದಕ್ಕೆ ಅಡ್ಡಬರುವ ವಿಘ್ನಗಳನ್ನು ವಿವರಿಸುವಾಗ, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಲ್ಲೇ ಮುಳುಗಿರುವುದನ್ನೂ ಒಂದು ವಿಘ್ನವೆಂದು ಎಣಿಸಿದ. ವೇದಿಕೆಯ ಮೇಲಿನ ಶೋಕ ಯಾರದೂ ಅಲ್ಲದೆ ಎಲ್ಲರದೂ ಆದಾಗ ಮಾತ್ರ ಅದು ಕರುಣರಸ. ಹಾಗಾದರೆ ರಂಗಮಂದಿರ ಎಂದರೆ ನನ್ನದು ತನ್ನದು ಎಂಬ ಹಿಡಿತವನ್ನು ಕೆಲವು ಗಂಟೆ ಸಡಿಲಿಸಲು ಕಟ್ಟಿದ ಜಾಗ. ವ್ಯಾಪಾರದ ಸಭೆಯ ಸ್ವಭಾವ ಇದಕ್ಕೆ ಪೂರ್ತಿ ಎದುರು. ಅಲ್ಲಿ ತನ್ನ ಪಾಲು, ತನ್ನ ನಷ್ಟ, ತನ್ನ ಗುರಿ ಇವುಗಳ ಎಚ್ಚರವೇ ಕಸುಬು. ಆ ಎಚ್ಚರ ತಪ್ಪಿದ ವರ್ತಕ ಕೆಟ್ಟ ವರ್ತಕ. ಎರಡೂ ಮನುಷ್ಯನಿಗೆ ಬೇಕು, ಆದರೆ ಎರಡನ್ನೂ ಒಂದೇ ಜಾಗಕ್ಕೆ ರೂಢಿ ಮಾಡಿದರೆ ಸೋಲುವುದು ಮೆತ್ತಗಿನದು. ವಾರಕ್ಕೈದು ದಿನ ಮಾರಾಟದ ಗುರಿ ಕೂಗುವ ವೇದಿಕೆಗೆ ಆರನೆಯ ದಿನ ಬಂದ ನಟ ಮೊದಲು ಆ ಕೂಗನ್ನು ಜನರ ಕಿವಿಯಿಂದ ತೆಗೆಯಬೇಕಾಗುತ್ತದೆ.

ಇದಕ್ಕೆ ಎದುರು ನಿಲ್ಲುವ ವಾದವೂ ಬಲವಾದದ್ದೇ. ಹಳೆಯ ಮಂಟಪದಲ್ಲಿ ದೇವರು ಯಜಮಾನನಾಗಿದ್ದರೂ ಬಾಗಿಲಲ್ಲಿ ಜಾತಿ ನಿಂತಿತ್ತು. ಮೇಲುಕೋಟೆಯಲ್ಲಿ ಅಸ್ಪೃಶ್ಯರೆನಿಸಿದ್ದ ತಿರುಕುಲದವರಿಗೆ ರಾಮಾನುಜರು ಪ್ರವೇಶ ಕೊಡಿಸಿದರೆಂದು ಪರಂಪರೆ ಹೆಮ್ಮೆಯಿಂದ ಹೇಳುತ್ತದೆ. ಆದರೆ ಆ ಪ್ರವೇಶವೂ ಗೊತ್ತಾದ ದಿನಗಳಿಗೆ ಸೀಮಿತವಾಗಿ ಉಳಿದಿತ್ತು. ಸಾರ್ವಜನಿಕ ಸ್ವರೂಪದ ಹಿಂದೂ ಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರುವಂತೆ ಮಾಡಲು 1950ರ ಸಂವಿಧಾನ ಬರಬೇಕಾಯಿತು, 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳಿಗೆ ಶಿಕ್ಷೆ ವಿಧಿಸುವ ಕಾಯ್ದೆ ಬರಬೇಕಾಯಿತು. ಬಾಡಿಗೆ ಕೊಟ್ಟವರಿಗೆಲ್ಲ ಬಾಗಿಲು ತೆರೆಯುವ ಸಭಾಭವನ ಜಾತಿ ಕೇಳುವುದಿಲ್ಲ. ಇಡೀ ಊರು ಒಂದೇ ಸೂರಿನಡಿ ಕುರ್ಚಿಯ ಮೇಲೆ ಕೂರುವುದನ್ನು ಎಷ್ಟೋ ಕಡೆ ಮೊದಲು ಸಾಧ್ಯ ಮಾಡಿದ್ದು ಟೌನ್ ಹಾಲ್, ಸಮುದಾಯ ಭವನ, ಅಂಬೇಡ್ಕರ್ ಭವನಗಳೇ. ಪಾವಿತ್ರ್ಯದ ಹೆಸರಿನಲ್ಲಿ ಹಣವನ್ನು ಹೊರಗಿಡುವವರು ಹಿಂದೆ ಅದೇ ಹೆಸರಿನಲ್ಲಿ ಮನುಷ್ಯರನ್ನು ಹೊರಗಿಟ್ಟ ಲೆಕ್ಕ ಒಪ್ಪಿಸಬೇಕು. ಆದರೆ ಈ ವಾದ ಸಾಧಿಸುವುದು ಪ್ರವೇಶದ ಸಮಾನತೆಯನ್ನು, ಒಡೆತನವನ್ನಲ್ಲ. ದುಡ್ಡಿದ್ದವನಿಗೆ ಮಾತ್ರ ತೆರೆಯುವ ಬಾಗಿಲು ಜಾತಿಯ ಬಾಗಿಲಿಗಿಂತ ಅಗಲವಾಗಿರಬಹುದು, ಆದರೂ ಅದು ಎಲ್ಲರ ಬಾಗಿಲಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹಿಂದೂ ದೇವತೆಯನ್ನು ಆಸ್ತಿ ಹೊಂದಬಲ್ಲ ನ್ಯಾಯಿಕ ವ್ಯಕ್ತಿಯೆಂದು ಭಾರತದ ನ್ಯಾಯಾಲಯಗಳು ಮಾನ್ಯ ಮಾಡುತ್ತ ಬಂದಿವೆ. ನೋಡಿಕೊಳ್ಳುವವರು ಧರ್ಮದರ್ಶಿಗಳು ಮಾತ್ರ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಸಂರಕ್ಷಿಸುವ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸುವಂತಿಲ್ಲ. 1959ರ ನಿಯಮಗಳಲ್ಲಿ 7ನೆಯದು ಸಭೆ, ಸ್ವಾಗತಕೂಟ, ಔತಣ, ಸಮ್ಮೇಳನ, ಮನರಂಜನೆ ಯಾವುದನ್ನೂ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಂರಕ್ಷಿತ ಸ್ಮಾರಕದಲ್ಲಿ ನಡೆಸಬಾರದೆನ್ನುತ್ತದೆ. ಮಾನ್ಯವಾದ ಧಾರ್ಮಿಕ ರೂಢಿಯಂತೆ ನಡೆಯುವುದಕ್ಕೆ ಮಾತ್ರ ವಿನಾಯಿತಿ. ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ಗುಡಿ, ದರಿಯಾ ದೌಲತ್ ಅರಮನೆ, ಹೊಸಹೊಳಲು, ಅದೇ ತಾಲ್ಲೂಕಿನ ಗೋವಿಂದನಹಳ್ಳಿ, ಕಂಬದಹಳ್ಳಿಗಳ ಗುಡಿ ಬಸದಿಗಳು ಈ ರಕ್ಷಣೆಯಡಿ ಇವೆ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾನಿ ಬೇಯ್ಲಿ ದಿಗಿಲಿನಿಂದ ಬೆರಳನ್ನು ಬಾಯಿಗಿಟ್ಟಿದ್ದಾನೆ. ಆ ಬಣ್ಣಕ್ಕೆ ಜನರ ಉಸಿರಿನ ತೇವ, ದೀಪಗಳ ಕಾವು, ಸ್ಪೀಕರಿನ ಅದುರಾಟ ಯಾವುದೂ ಹಿತವಲ್ಲ. ಇಲ್ಲಿ ತತ್ವ ಒಪ್ಪದವರೂ ರಸಾಯನವನ್ನು ಒಪ್ಪಲೇಬೇಕು.

ಮೇಲುಕೋಟೆಯ ರಾಯಗೋಪುರದ ಪ್ರಸಂಗ ಬೇರೊಂದು ಬಗೆಯದು. ಮುಗಿಯದೆ ನಿಂತ ಆ ಎತ್ತರದ ಕಂಬಗಳು ಎಷ್ಟೋ ಚಲನಚಿತ್ರಗಳಲ್ಲಿ ಬಂದಿವೆ, ಊರಿನವರು ಚಿತ್ರೀಕರಣಕ್ಕೆ ಒಗ್ಗಿಹೋಗಿದ್ದಾರೆ. ಆದರೂ 2022ರಲ್ಲಿ ತೆಲುಗು ಚಿತ್ರವೊಂದಕ್ಕೆ ಅಲ್ಲಿ ಬಾರಿನ ಸೆಟ್ ಹಾಕಿದಾಗ ಆಕ್ಷೇಪ ಎದ್ದಿತು. ಕ್ಯಾಮೆರಾವನ್ನೂ ಹಾಡು ಕುಣಿತವನ್ನೂ ಸಹಿಸಿದ ಊರು ಬಾರನ್ನು ಏಕೆ ಸಹಿಸಲಿಲ್ಲ ಎಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಹಾಡಿನಲ್ಲಿ ಗೋಪುರ ಗೋಪುರವಾಗಿಯೇ ಉಳಿದಿತ್ತು. ಬಾರು ಅದನ್ನು ಬೇರೇನೋ ಆಗಿಸಿತು.

ಇನ್ನು ಉಳಿದದ್ದು ತಾಲ್ಲೂಕು ಕೇಂದ್ರಗಳ ರಂಗಮಂದಿರ, ಸಮುದಾಯ ಭವನಗಳು. ಇವುಗಳಿಗೆ ಪ್ರತಿಷ್ಠೆಯಾದ ದೇವರಿಲ್ಲ. ಆದರೂ ಪೌರಾಣಿಕ ನಾಟಕದ ರಾತ್ರಿ ಇಲ್ಲಿ ನಡೆಯುವುದನ್ನು ನೋಡಿದವರು ಇವನ್ನು ಬರಿಯ ಹಾಲ್ ಎನ್ನಲಾರರು. ಮಂಡ್ಯ ಸೀಮೆಯಲ್ಲಿ ಕುರುಕ್ಷೇತ್ರ ಆಡುವ ರೈತ ಪಾತ್ರಕ್ಕೆ ತಾನೇ ದುಡ್ಡು ಕಟ್ಟುತ್ತಾನೆ. ದುರ್ಯೋಧನ, ಕೃಷ್ಣರ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಹಾರ್ಮೋನಿಯಂ ಹಿಡಿದು ಕಂದ, ವೃತ್ತಗಳನ್ನು ಹೇಳಿಕೊಡುತ್ತಾರೆ. ಸೀನರಿ, ಡ್ರೆಸ್ಸು, ಮೈಕು ಬಾಡಿಗೆಗೆ ಬರುತ್ತವೆ. ಗಣಪತಿ ಪೂಜೆಯಾಗಿ ಕಾಯಿ ಒಡೆದ ಮೇಲೆಯೇ ಪರದೆ ಏಳುತ್ತದೆ. ಹಣ ಇಲ್ಲಿ ಮೊದಲಿನಿಂದ ಕೊನೆಯವರೆಗೂ ಓಡಾಡುತ್ತದೆ, ಆದರೆ ಕಲೆಯ ಸೇವಕನಾಗಿ ಓಡಾಡುತ್ತದೆ. ಗದ್ದೆಯ ದುಡ್ಡು ಸುರಿದು ಒಂದು ರಾತ್ರಿ ದುರ್ಯೋಧನನಾಗುವವನು ಲಾಭದ ಲೆಕ್ಕ ಇಟ್ಟವನಲ್ಲ. ಕಲಾಸ್ಥಳದಲ್ಲಿ ಹಣ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಹುಡುಕಬೇಕಾಗಿಲ್ಲ.

ಆದ್ದರಿಂದ ತೀರ್ಮಾನ ಸ್ಥಳಕ್ಕೆ ತಕ್ಕಂತೆ ಆಗಬೇಕು. ಹೊಸಹೊಳಲಿನ ನವರಂಗ, ಕಂಬದಹಳ್ಳಿಯ ಬಸದಿ, ದರಿಯಾ ದೌಲತ್‌ನ ಚಿತ್ರಗಳ ಮಗ್ಗುಲು, ಮೇಲುಕೋಟೆಯ ಮಂಟಪಗಳು ಎಷ್ಟೇ ಬಾಡಿಗೆ ಬಂದರೂ ಕಂಪನಿಗಳ ಸಭೆಗೆ ಕೊಡತಕ್ಕವಲ್ಲ. ರೈತರ ಸಹಕಾರ ಸಂಘವೋ ಕಬ್ಬು ಬೆಳೆಗಾರರೋ ದೇವರ ಮುಂದೆ ಮಾತು ಕೊಡಲು ಗುಡಿಯ ಅಂಗಳಕ್ಕೆ ಬಂದರೆ ಅದು ಹಳೆಯ ದಾರಿ, ಅದಕ್ಕೆ ಅಡ್ಡಿಯಿಲ್ಲ. ಸರ್ಕಾರಿ ರಂಗಮಂದಿರ, ಸಮುದಾಯ ಭವನಗಳನ್ನು ವ್ಯಾಪಾರದ ಸಭೆಗೆ ಕೊಡಬಹುದು, ಕೊಡಬೇಕು, ಮುಚ್ಚಿದ ಬಾಗಿಲ ಹಿಂದೆ ಕುರ್ಚಿ ಕೊಳೆಯುವುದರಿಂದ ಕಲೆಗೆ ಲಾಭವಿಲ್ಲ. ಆದರೆ ನಾಟಕಕ್ಕೆ ಗೊತ್ತಾದ ದಿನಾಂಕವನ್ನು ಹೆಚ್ಚು ಬಾಡಿಗೆಯ ಆಸೆಗೆ ಕಂಪನಿಗೆ ಬಿಟ್ಟುಕೊಡಬಾರದು, ಹಳ್ಳಿಯ ತಂಡ ಕಟ್ಟುವ ಬಾಡಿಗೆ ಕಂಪನಿ ಕಟ್ಟುವುದರ ಒಂದು ಸಣ್ಣ ಪಾಲಾಗಿರಬೇಕು, ಬಂದ ಹಣ ಆ ವೇದಿಕೆಯ ದೀಪಕ್ಕೂ ಪರದೆಗೂ ಸಲ್ಲಬೇಕು. ಹಳೆಯ ವರ್ತಕರು ದೀಪಕ್ಕೆ ಬಿಟ್ಟ ಎಣ್ಣೆಯ ಲೆಕ್ಕವನ್ನು ಎಲ್ಲರೂ ಓದಲೆಂದು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದರು. ಇಂದಿನ ಭವನಗಳ ಸಮಿತಿಗಳು ಯಾವ ಸಭೆಗೆ ಎಷ್ಟು ಬಾಡಿಗೆ ಬಂತು, ಅದರಲ್ಲಿ ಎಷ್ಟು ರಂಗಕ್ಕೆ ಹೋಯಿತು ಎಂಬುದನ್ನು ಬಾಗಿಲ ಪಕ್ಕದ ಫಲಕದಲ್ಲಿ ಬರೆದು ಹಾಕಲಿ.